ಎರಡು ರಿಂಗಿನ ಪೇಟೆಂಟು

ಕಳೆದ ಭಾನುವಾರ ಕೊಡಿಯಾಲ್‌ಬೈಲಿನ ನಮ್ಮ ಫ್ಲ್ಯಾಟಿನ ಪಂಪು ಮುಷ್ಕರ ಹೂಡಿತು. ರಿಪೇರಿಗೆ ಬಂದ ಪ್ರವೀಣ ಮೆಟ್ಟಿಲ ಕೆಳಗೆ ಕೂತು ವಯರಿಗೆ ಬೆಸುಗೆ ಹಾಕುತ್ತಿದ್ದಾಗ ಅದರ ಹೊಗೆ ಮೂಗಿಗೆ ಬಡಿಯಿತು. ಮಲ್ಲಿಗೆಯ ವಾಸನೆಗೆ ಹಳೆಯ ಪ್ರೀತಿ ನೆನಪಾಗುವವರುಂಟು. ನನಗೆ ಬೆಸುಗೆಯ ಹೊಗೆಗೆ ಹಮೀದಾಕ ನೆನಪಾಗುತ್ತಾರೆ.

ಹಮೀದಾಕನದು ಆಗ ಒಂದು ಕಟ್ಟಡದ ಕೆಳಗೆ ಮೊಬೈಲ್ ರಿಪೇರಿ ಅಂಗಡಿ. ಅದೇ ಕಟ್ಟಡದ ಎರಡನೇ ಮಾಳಿಗೆಯಲ್ಲಿ ನಮ್ಮ ಆಫೀಸು. ಹನ್ನೆರಡು ಜನರ ಸಾಫ್ಟ್‌ವೇರ್ ಕಂಪೆನಿ. ಬಾಸಿಗೆ ಒಂದೇ ಕೊರಗು, ಗೋಡೆಯಲ್ಲಿ ಒಂದಾದರೂ ಪೇಟೆಂಟಿನ ಸರ್ಟಿಫಿಕೇಟ್ ಇಲ್ಲವೆಂದು. "ಪೇಟೆಂಟ್ ಇಲ್ಲದ ಟೆಕ್ನಾಲಜಿ ಕಂಪೆನಿ ಅಂದ್ರೆ ಕಿರೀಟ ಇಲ್ಲದೆ ರಂಗಕ್ಕೆ ಬಂದ ಯಕ್ಷಗಾನದ ರಾಜ" ಎನ್ನುತ್ತಿದ್ದರು. ಪ್ರತಿ ಸೋಮವಾರ ತಲೆಗೊಂದು ಐಡಿಯಾ ಕೊಡಬೇಕೆಂದು ಅಪ್ಪಣೆಯಾಯಿತು. ನನಗೋ, ಸೋಮವಾರ ಮಧ್ಯಾಹ್ನದವರೆಗೆ ನನ್ನ ಹೆಸರೇ ಸರಿಯಾಗಿ ಹೊಳೆಯುವುದಿಲ್ಲ. ಹಾಗಾಗಿ ಯೋಚನೆ ಮಾಡುವ ನೆಪದಲ್ಲಿ ಕೆಳಗಿಳಿದು ಹಮೀದಾಕನ ಅಂಗಡಿಯ ಸ್ಟೂಲಿನಲ್ಲಿ ಕೂರುತ್ತಿದ್ದೆ.

ಅಲ್ಲಿಯೇ ಗಿರಿಜಕ್ಕನ ಪಂಪಿನ ಸಂಗತಿ ತಿಳಿದದ್ದು. ಅವರು ಬಜಪೆಯಿಂದ ಬರುತ್ತಿದ್ದ ಗಿರಾಕಿ. ಗಂಡ ದುಬೈಯಲ್ಲಿ, ಮನೆ ಗುಡ್ಡದ ಮೇಲೆ, ತೆಂಗಿನ ತೋಟದ ಪಂಪು ಗುಡ್ಡದ ಬುಡದಲ್ಲಿ, ನೋವು ಇವರ ಮೊಣಕಾಲಿನಲ್ಲಿ. ಹಮೀದಾಕ ಒಂದು ಹಳೆಯ ಫೋನನ್ನು ಪಂಪಿನ ಸ್ಟಾರ್ಟರಿಗೆ ಜೋಡಿಸಿ ಕೊಟ್ಟಿದ್ದರು. ಮನೆಯಿಂದ ಅದಕ್ಕೆ ಫೋನ್ ಮಾಡಿ, ಎರಡು ರಿಂಗ್ ಆದ ಕೂಡಲೇ ಕಟ್ ಮಾಡಿದರೆ ಸಾಕು, ತೋಟಕ್ಕೆ ನೀರು.

ಮುಂದಿನ ಸೋಮವಾರ ನಾನು ಎದ್ದು ನಿಂತು, "ಉತ್ತರಿಸದ ಕರೆಯ ಮೂಲಕ ದೂರದ ಯಂತ್ರಗಳ ನಿಯಂತ್ರಣ" ಎಂದೆ. ಹಮೀದಾಕನ ಹೆಸರು ಹೇಳಲಿಲ್ಲ. ಮರೆತೆ ಎಂದು ಈಗ ಬರೆಯಬಹುದಿತ್ತು, ಆದರೆ ಮರೆತಿರಲಿಲ್ಲ. ಬಾಸು ಚಪ್ಪಾಳೆ ತಟ್ಟಿದರು. ಪೇಟೆಂಟ್ ಏಜೆಂಟರು ಇಪ್ಪತ್ತು ಪುಟ ಬರೆದು ಕಳಿಸಿದರು. ಅದರಲ್ಲಿ ಪಂಪು "ದ್ರವ ಸಾಗಣೆಯ ಸಾಧನ"ವಾಗಿತ್ತು, ಗಿರಿಜಕ್ಕ "ಬಳಕೆದಾರ"ರಾಗಿದ್ದರು. ಕೊನೆಯಲ್ಲಿ ನನ್ನ ಸಹಿಗೆ ಜಾಗ. ಅದರ ಮೇಲೆ, ಇದರ ನಿಜವಾದ ಮತ್ತು ಮೊದಲ ಸಂಶೋಧಕ ನಾನೇ ಎಂಬ ಒಕ್ಕಣೆ.

ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಆಮೇಲೆ ಕಾಗದ ಹಿಡಿದು ಕೆಳಗಿಳಿದು ಹೋಗಿ ಎಲ್ಲ ಹೇಳಿದೆ.

ಹಮೀದಾಕ ಕನ್ನಡಕ ಹಣೆಗೇರಿಸಿ ಕೇಳಿದರು, "ಪೇಟೆಂಟ್ ಸಿಕ್ಕಿದ್ರೆ ಎಂತ ಆಗ್ತದೆ?"

"ನಮ್ಮನ್ನು ಕೇಳದೆ ಬೇರೆಯವರು ಮಾಡ್ಲಿಕ್ಕೆ ಆಗುವುದಿಲ್ಲ."

"ಹಾಗಾದ್ರೆ ಗಿರಿಜಕ್ಕ ದಿನಾ ಬೆಳಿಗ್ಗೆ ನಿಮ್ಮ ಬಾಸಿಗೆ ಫೋನ್ ಮಾಡಿ, ನೀರು ಬಿಡ್ಲಾ ಅಂತ ಕೇಳ್ಬೇಕಾ?"

ನಾನು ನಕ್ಕೆ. ಅವರು ನಗಲಿಲ್ಲ.

"ಮೊದಲು ಮಾಡಿದ್ದು ನೀವೇ ಅಲ್ವಾ?" ಎಂದೆ.

"ನಾನೆಂತ ಮೊದಲು ಮಾರಾಯ. ಪಣಂಬೂರಿನಲ್ಲಿ ಒಬ್ಬ ವಾಚ್‌ಮನ್ ಫೋನಿನಿಂದ ಲೈಟ್ ಹಾಕುವುದು ನೋಡಿದ್ದೆ. ಅವನಿಗೆ ಯಾರು ಹೇಳಿಕೊಟ್ಟದ್ದೋ." ಕನ್ನಡಕವನ್ನು ಮತ್ತೆ ಮೂಗಿಗಿಳಿಸಿದರು. "ಆದ್ರೆ ಎರಡು ರಿಂಗ್ ಉಂಟಲ್ಲ, ಅದು ನನ್ನದು. ಮೊದಮೊದಲು ಯಾರು ಫೋನ್ ಮಾಡಿದ್ರೂ ಪಂಪ್ ಓಡ್ತಿತ್ತು. ಸಿಮ್ ಕಂಪೆನಿಯವರು ಕಾಲರ್ ಟ್ಯೂನ್ ಬೇಕಾ ಅಂತ ಮಾಡಿದ್ರೂ ತೋಟ ತುಂಬ ನೀರು. ಎರಡೇ ರಿಂಗಿಗೆ ಕಟ್ ಆದ್ರೆ ಮಾತ್ರ ಓಡುವ ಹಾಗೆ ಮಾಡುವಾಗ ಮೂರು ಫೋನ್ ಸುಟ್ಟುಹೋಯಿತು. ಬೇಕಾದವರು ಮಾಡಿಕೊಳ್ಳಲಿ, ನಾನೇ ಕಲಿಸ್ತೇನೆ. ಅದಕ್ಕೆ ನಿನ್ನ ಹೆಸರು ಹಾಕಿದ್ರೆ ಮಾತ್ರ ನನಗೆ ಬೇಸರ ಆಗ್ತದೆ."

ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೇಲೆ ಹೋಗಿ ನನ್ನ ಹೆಸರು ಹೊಡೆದು ಅವರ ಹೆಸರು ಬರೆದು ಬಾಸಿನ ಮುಂದಿಟ್ಟೆ. ಬಾಸು ಏಜೆಂಟರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ ಕೇಳಿದ್ದು ಒಂದೇ ಪ್ರಶ್ನೆ, ಇದು ಈಗಾಗಲೇ ಎಲ್ಲಾದರೂ ಬಳಕೆಯಲ್ಲಿದೆಯೇ ಎಂದು. ಬಜಪೆಯಲ್ಲಿ ಎರಡು ವರ್ಷದಿಂದ ಎಲ್ಲರ ಕಣ್ಣೆದುರೇ ಓಡುತ್ತಿದೆ ಎಂದೆ. ಹಾಗಾದರೆ ಯಾರ ಹೆಸರಿಗೂ ಪೇಟೆಂಟ್ ಸಿಗುವುದಿಲ್ಲ ಎಂದರು ಏಜೆಂಟರು. ಮೊಣಕಾಲು ನೋವಿನ ಗಿರಿಜಕ್ಕ ಮನೆಯ ಜಗಲಿಯಲ್ಲಿ ಕೂತೇ ಇಪ್ಪತ್ತು ಪುಟಗಳನ್ನು ಹೊಡೆದುಹಾಕಿದ್ದರು.

ಬಾಸು ಒಂದು ತಿಂಗಳು ನನ್ನೊಡನೆ ಇಮೇಲಿನಲ್ಲೇ ಮಾತಾಡಿದರು, ಮೇಜುಗಳ ನಡುವೆ ನಾಲ್ಕು ಹೆಜ್ಜೆ ಇದ್ದರೂ. ಆಮೇಲೆ ಒಂದು ಸಂಜೆ ಅವರೇ ಹಮೀದಾಕನ ಸ್ಟೂಲಿನಲ್ಲಿ ಕೂತದ್ದು ಕಂಡಿತು. ಅವರ ಮಾವನ ಮನೆಯ ತೋಟಕ್ಕೂ ಒಂದು ಬೇಕಿತ್ತಂತೆ.

ಕಣ್ಣು ಮಂಜಾದ ಮೇಲೆ ಹಮೀದಾಕ ಅಂಗಡಿ ಬಿಟ್ಟರು. ಪೇಟೆಂಟು ಸರಿಯೋ ತಪ್ಪೋ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ತೊದಲುತ್ತೇನೆ. ಬೇಲಿ ಹಾಕುವುದು ನನಗೆ ಹಿಡಿಸುವುದಿಲ್ಲ. ಆದರೆ ಮೂರು ಫೋನ್ ಸುಟ್ಟುಕೊಂಡವನ ಹೆಸರು ಎಲ್ಲಿಯೂ ಇಲ್ಲದೆ ಹೋಗುವುದೂ ಹಿಡಿಸುವುದಿಲ್ಲ.

ಮೊನ್ನೆ ಭಾನುವಾರ ನಮ್ಮ ಫ್ಲ್ಯಾಟಿನ ಪಂಪು ಮತ್ತೆ ಓಡತೊಡಗಿದ ಮೇಲೆ ಸ್ವಿಚ್ ಬೋರ್ಡಿನ ಮುಚ್ಚಳದ ಒಳಬದಿಯಲ್ಲಿ ಮಾರ್ಕರಿನಿಂದ "ಪ್ರವೀಣ" ಎಂದು ಬರೆದೆ.

"ಎಂತಕ್ಕೆ ಸರ್?" ಎಂದ ಅವನು.

"ಸರಿ ಮಾಡಿದವರ ಹೆಸರು ಒಂದು ಕಡೆ ಇರಲಿ ಅಂತ."

ಅವನು ತುಸು ಯೋಚಿಸಿದ. "ಹಾಗಾದ್ರೆ ಕೆಳಗೆ ಫೋನ್ ನಂಬರೂ ಬರೆದುಬಿಡಿ ಸರ್. ಬರೀ ಹೆಸರು ಓದಿದವರು ಎಂತ ಮಾಡುವುದು?"

ಬರೆದೆ.