ಕೋಳಿಗೆ ಹಾಕಿದ ಹೊಲಿಗೆ

1984ರ ಮೇ 6ರಂದು, ಭಾನುವಾರ ಬೆಳಗ್ಗೆ, ವಿಜಯನಗರದ ನಮ್ಮ ಬಾಡಿಗೆ ಮನೆಯ ಹಿತ್ತಲಿಗೆ ನುಗ್ಗಿದ ನಾಯಿಯೊಂದು ನನ್ನ ಹೆಂಡತಿ ಸಾಕಿದ್ದ ಕೋಳಿಯನ್ನು ಕಚ್ಚಿತು. ನಾನು ಬಕೆಟ್ ಎಸೆದ ಮೇಲೆ ಅದು ಕೋಳಿಯನ್ನು ಬಿಟ್ಟು ಕಾಂಪೌಂಡ್ ಹಾರಿತು. ಕೋಳಿಯ ಬಲ ರೆಕ್ಕೆಯ ಕೆಳಗೆ ಚರ್ಮ ಹರಿದು ಜೋತುಬಿದ್ದಿತ್ತು.

ಹೆಂಡತಿಗೆ ಆಗ ಆರು ತಿಂಗಳು. ಬುಟ್ಟಿಯಲ್ಲಿ ಬಣ್ಣದ ಕೋಳಿಮರಿ ಹೊತ್ತು ಮಾರುವವನಿಂದ ಹಿಂದಿನ ವರ್ಷ ಅವಳು ಅದನ್ನು ಕೊಂಡಿದ್ದಳು. ಗುಲಾಬಿ ಬಣ್ಣ ಹೋಗಿ ಬಿಳಿಯಾಗಿ ಬೆಳೆದ ಕೋಳಿ, ಅವಳು ಸೊಪ್ಪು ಬಿಡಿಸಲು ಕೂತರೆ ಮಡಿಲಿಗೇ ಬಂದು ಕೂರುತ್ತಿತ್ತು. ಅಂದು ಅವಳು ಅಳಲಿಲ್ಲ. ಬಟ್ಟೆ ಹೊಲಿಯುವ ಸೂಜಿಯನ್ನೂ ದಾರವನ್ನೂ ಕುದಿಸಿ ತಂದಳು.

"ರೀ, ಕಾಲು ಗಟ್ಟಿಯಾಗಿ ಹಿಡ್ಕೊಳ್ಳಿ. ಮುಖ ಯಾಕೆ ಆ ಕಡೆ ತಿರುಗಿಸ್ತೀರಾ? ಹೋಟ್ಲಲ್ಲಿ ತಿನ್ನೋವಾಗ ಈ ನಾಚಿಕೆ ಎಲ್ಲೋಗಿರತ್ತೆ?"

ಕೊನೆಯ ಹೊಲಿಗೆ ಹಾಕುವಾಗ ಕೋಳಿ ಕೊಸರಿತು. ಸೂಜಿ ಅವಳ ಹೆಬ್ಬೆರಳಿಗೆ ಚುಚ್ಚಿತು. ಅವಳು ಬೆರಳನ್ನು ಬಾಯಲ್ಲಿಟ್ಟು ಚೀಪಿದಳು. ಕೋಳಿಯ ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಸವರಿ, ಅದನ್ನು ಗೋಣಿತಾಟಿನ ಮೇಲೆ ಮಲಗಿಸಿ ಬಿದಿರಿನ ಮಂಕರಿ ಕವುಚಿದಳು.

ಮರುದಿನ ಬಸವೇಶ್ವರನಗರದ ಕ್ಲಿನಿಕ್ಕಿಗೆ ತಿಂಗಳ ತಪಾಸಣೆಗೆ ಹೋದೆವು. ಕೋಳಿಯ ಆಪರೇಷನ್ನನ್ನೂ ಸೂಜಿ ಚುಚ್ಚಿದ್ದನ್ನೂ ಅವಳು ತಮಾಷೆಯಾಗಿ ಹೇಳಿದಳು. ಡಾಕ್ಟರಮ್ಮ ನಗಲಿಲ್ಲ.

"ನಾಯಿ ಎಲ್ಲಿದೆ?"

"ಅದು ನನ್ನ ಕಚ್ಚಿಲ್ಲ ಡಾಕ್ಟ್ರೇ."

"ಅದರ ಜೊಲ್ಲು ಗಾಯದಲ್ಲಿತ್ತಮ್ಮಾ. ಅದೇ ಗಾಯದ ಸೂಜಿ ನಿನ್ನ ಬೆರಳಿಗೆ ಹೋಗಿದೆ." ಆಮೇಲೆ ನನ್ನ ಕಡೆ ತಿರುಗಿದರು. "ನಾಯೀನ ಕಟ್ಟಿಹಾಕಿ ಹತ್ತು ದಿನ ನೋಡಿ. ಬದುಕಿದ್ರೆ ಯೋಚನೆ ಇಲ್ಲ. ನಾಯಿ ಸಿಗ್ಲಿಲ್ಲ ಅಂದ್ರೆ ಕಾಯೋ ಹಾಗಿಲ್ಲ, ಹೊಟ್ಟೆಗೆ ಇಂಜೆಕ್ಷನ್ ಶುರು ಮಾಡ್ಬೇಕು. ಹದಿನಾಲ್ಕು. ಇವರು ಕೋಳೀನ ಮುಟ್ಟೋದು ಬೇಡ."

"ಮಗೂಗೆ?" ಎಂದು ಹೆಂಡತಿ ಕೇಳಿದಳು.

"ಮೊದ್ಲು ನಾಯಿ ಹುಡುಕಿ."

ನಾನು ಆಗ ಒಂದು ದಿನಪತ್ರಿಕೆಯ ಸುದ್ದಿಮೇಜಿನಲ್ಲಿ ಉಪಸಂಪಾದಕನಾಗಿದ್ದೆ. ಹುಚ್ಚುನಾಯಿ ಕಡಿದು ಸತ್ತವರ ಸುದ್ದಿಗಳನ್ನು ಎಷ್ಟೋ ಸಲ ಐದು ಸಾಲಿಗೆ ಇಳಿಸಿದ್ದೆ. ಆ ಸಾಲುಗಳಲ್ಲಿ ಏನಿರುತ್ತದೆ ಎಂದು ಗೊತ್ತಿತ್ತು. ರೋಗ ಕಾಣಿಸಿಕೊಂಡ ಮೇಲೆ ಬದುಕಿದವರ ಸುದ್ದಿ ಒಂದೂ ನನ್ನ ಕೈಗೆ ಬಂದಿರಲಿಲ್ಲ.

ಆ ಕಂದು ನಾಯಿ ಪಕ್ಕದ ರಸ್ತೆಯ ಹಾಲಿನ ಮನೆಯವರದು. ಬಡಾವಣೆ ಬರುವ ಮುಂಚೆ ಅಲ್ಲಿದ್ದ ಹೊಸಹಳ್ಳಿಯ ಹಳೆಯ ಒಕ್ಕಲು ಮನೆತನ. ಹೊಲವೆಲ್ಲ ಸೈಟುಗಳಾದ ಮೇಲೂ ನಾಲ್ಕು ಹಸು ಉಳಿಸಿಕೊಂಡಿದ್ದರು. ಮನೆಯ ಯಜಮಾನ ನನ್ನನ್ನು ಕಂಡ ಕೂಡಲೇ ಕೈಮುಗಿದ.

"ತಪ್ಪಾಯ್ತು ಸಾರ್. ಕೋಳಿ ರುಚಿ ಕಂಡ ನಾಯಿ ಮನೇಲಿಟ್ಕೋಬಾರ್ದು. ನಿಮ್ ಕಣ್ಣಿಗೆ ಇನ್ ಬೀಳಲ್ಲ. ನಿನ್ನೆ ಸಾಯಂಕಾಲ್ವೇ ಚೀಲಕ್ ಹಾಕಿ ಕೆಂಗೇರಿ ಆಚೆ ಬಿಟ್ಬಂದೆ."

ನೆರೆಯವರ ಕೋಳಿ ಹಿಡಿದ ನಾಯಿಯನ್ನು ದೂರ ಬಿಟ್ಟು ಬರುವುದು ಅವರಲ್ಲಿ ಮರ್ಯಾದೆಯ ಪ್ರಶ್ನೆ. ನಾನು ಡಾಕ್ಟರ್ ಹೇಳಿದ್ದನ್ನು ಹೇಳಿದೆ. ಒಳಗಿಂದ ಅವನ ತಾಯಿ ಬಂದರು.

"ಮಾನ ಉಳಿಸ್ಕೊಳಾಕೋಗಿ ನಾಯಿ ಕಳೆದ್ಯೇನ್ಲಾ? ಬಸುರಿ ಹೆಂಗ್ಸು ಕಣ್ಲಾ ಅದು! ನಿಂತ್ಕೊಂಡಿದೀಯಲ್ಲ, ಹೋಗು, ಹುಡುಕ್ಕೊಂಬಾ!"

ಅವನ ಮೊಪೆಡ್ಡಿನಲ್ಲಿ ಇಬ್ಬರೂ ಕೆಂಗೇರಿಗೆ ಹೋದೆವು. ಕೆರೆ ಏರಿ, ರೈಲ್ವೆ ಸ್ಟೇಷನ್ ಹಿಂಭಾಗ, ಇಟ್ಟಿಗೆ ಗೂಡುಗಳು. ಕಂದು ನಾಯಿಗಳು ಬೇಕಾದಷ್ಟಿದ್ದವು. ಪ್ರತಿ ನಾಯಿಗೂ ಅವನು ಶಿಳ್ಳೆ ಹಾಕಿದ. ಯಾವುದೂ ಹತ್ತಿರ ಬರಲಿಲ್ಲ. ಮಂಗಳವಾರವೂ ಹೋದೆವು. ಬುಧವಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆಂಡತಿಗೆ ಮೊದಲ ಇಂಜೆಕ್ಷನ್ ಕೊಟ್ಟರು, ಹೊಟ್ಟೆಯ ಬದಿಗೆ. ಮಗುವಿಗೆ ಏನಾಗುತ್ತದೆ ಎಂದು ಅಲ್ಲಿನ ಡಾಕ್ಟರನ್ನೂ ಕೇಳಿದೆ. "ತಾಯಿ ಉಳೀಬೇಕಲ್ರೀ" ಎಂದರು.

ಕೋಳಿಯ ಆರೈಕೆ ನನಗೆ ಬಂತು. ಹಾಲಿನ ಖಾಲಿ ಕವರುಗಳನ್ನು ಕೈಗೆ ಕಟ್ಟಿಕೊಂಡು ಮಂಕರಿ ಎತ್ತುತ್ತಿದ್ದೆ. ಪಶು ಆಸ್ಪತ್ರೆಯಲ್ಲಿ ಕೊಟ್ಟ ಹಳದಿ ಪುಡಿಯನ್ನು ಗಾಯಕ್ಕೆ ಉದುರಿಸಿ, ಇಂಕ್ ಫಿಲ್ಲರಿನಲ್ಲಿ ರಾಗಿ ಗಂಜಿಯ ತಿಳಿಯನ್ನು ಕೊಕ್ಕಿನೊಳಗೆ ಬಿಡುತ್ತಿದ್ದೆ. ಅದು ಕೊಕ್ಕು ತೆರೆದಾಗಲೆಲ್ಲ ನನ್ನ ಕೈ ಹಿಂದಕ್ಕೆ ಬರುತ್ತಿತ್ತು. ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು.

"ಎಸೆದುಬಿಡೋಣವಾ?" ಎಂದು ಕೇಳಿದೆ.

"ಬೇಡ. ಅದು ಉಳಿದ್ರೆ ನಂಗೂ ಏನೂ ಆಗಲ್ಲ."

ಹಾಗೆ ಹೇಳಬೇಡ ಎಂದೆ. ಆ ಮಾತು ಬಾಯಿಂದ ಬಂದಾಗಿತ್ತು. ಆಮೇಲೆ ಕೋಳಿ ಗಂಜಿ ನುಂಗಿತೇ ಎಂದು ನಾನೂ ಆಫೀಸಿನಿಂದ ಓಡಿಬಂದು ನೋಡತೊಡಗಿದೆ. ಗುರುವಾರ ಗಾಯದಿಂದ ಕೆಟ್ಟ ವಾಸನೆ ಬಂತು. ಕತ್ತು ಒಂದು ಪಕ್ಕಕ್ಕೆ ವಾಲಿತು. ಬಿಟ್ಟ ತಿಳಿಯೆಲ್ಲ ಕೊಕ್ಕಿನಿಂದ ಹೊರಗೆ ಸುರಿಯಿತು. ಅದು ಕೀವಿನಿಂದಲೋ ನಾವು ಹೆದರುತ್ತಿದ್ದ ರೋಗದಿಂದಲೋ ಹೇಳಬಲ್ಲವರು ಯಾರೂ ಇರಲಿಲ್ಲ. ಶುಕ್ರವಾರ ಬೆಳಗ್ಗೆ ಮಂಕರಿ ಎತ್ತಿದಾಗ ಕೋಳಿ ಸತ್ತಿತ್ತು.

ಹೆಂಡತಿ ಅದನ್ನು ನೋಡಿದಳು. ತಿಂಡಿಯ ಹೊತ್ತಿಗೆ ನೀರಿನ ಲೋಟ ಎತ್ತಿ, ತುಟಿಯವರೆಗೆ ತಂದು, ಕೆಳಗಿಟ್ಟಳು.

"ಕುಡಿ," ಎಂದೆ.

"ಗಂಟ್ಲು ಕಟ್ಟಿದೆ ರೀ. ಇಳೀತಿಲ್ಲ."

ನೀರು ಕಂಡರೆ ಗಂಟಲು ಬಿಗಿಯುವುದು ಆ ರೋಗದ ಲಕ್ಷಣವೆಂದು ನಾನೇ ಎಷ್ಟೋ ಸಲ ಅಚ್ಚಿಗೆ ಕಳಿಸಿದ್ದೆ. ಇಷ್ಟು ಬೇಗ ಬರುವುದಿಲ್ಲ ಎಂಬುದೂ ಗೊತ್ತಿತ್ತು. ಆದರೂ ಲೋಟ ಹಿಡಿದು ಅವಳೆದುರು ಕೂತೆ. ಬಹಳ ಹೊತ್ತಿನ ಮೇಲೆ ಅವಳು ಎರಡು ಗುಟುಕು ಕುಡಿದಳು. ಅಂದು ನಾನು ಕೆಲಸಕ್ಕೆ ಹೋಗಲಿಲ್ಲ.

ಶನಿವಾರ ಮಧ್ಯಾಹ್ನ ಹಾಲಿನ ಮನೆಯ ಯಜಮಾನ ಗೇಟಿನಿಂದಲೇ ಕೂಗಿದ. "ಸಾರ್, ಬಂದೈತೆ ಸಾರ್! ತಾನೇ ನಡ್ಕೊಂಡ್ ಬಂದೈತೆ!"

ನಾಯಿಯನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದರು. ಪಕ್ಕೆಲುಬುಗಳು ಕಾಣುತ್ತಿದ್ದವು, ಮುಂಗಾಲು ಕುಂಟುತ್ತಿತ್ತು. ಮುಂದಿಟ್ಟ ಮುದ್ದೆಯನ್ನು ಅದು ಮೂಸಲೂ ಇಲ್ಲ. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಹೆದರ್ಬ್ಯಾಡ ಕಣಪ್ಪಾ, ಬಿಸ್ಲಲ್ ಬಂದು ದಣಿದೈತೆ," ಎಂದರು ಯಜಮಾನನ ತಾಯಿ. "ಸಂಜೆ ತಿಂತದೆ."

ಸಂಜೆ ತಿನ್ನಲಿಲ್ಲ. ಭಾನುವಾರ ಬೆಳಗ್ಗೆ ಹಸುಗಳ ಕಲಗಚ್ಚಿನ ಬಾನಿಗೆ ಮೂತಿ ಹಾಕಿ ಕುಡಿಯಿತು. ಆಮೇಲೆ ಮುದ್ದೆ ತಿಂದಿತು. ನಾನು ದಿನಕ್ಕೆರಡು ಸಲ ಹೋಗಿ ನೋಡಿದೆ. ಹೆಂಡತಿಯ ಇಂಜೆಕ್ಷನ್ ನಡೆದೇ ಇತ್ತು.

ಹತ್ತು ದಿನ ಕಳೆದು, ಮೇ 17ರಂದೂ ನಾಯಿ ಬದುಕಿತ್ತು. ಡಾಕ್ಟರಮ್ಮ ಇಂಜೆಕ್ಷನ್ ನಿಲ್ಲಿಸಲು ಹೇಳಿದರು. ಆಗಸ್ಟ್ ಕೊನೆಯ ವಾರದಲ್ಲಿ ಹೆಣ್ಣು ಮಗು ಹುಟ್ಟಿತು. 1986ರಲ್ಲಿ ನಾವು ಆ ಮನೆ ಬಿಟ್ಟಾಗ ತಾಯಿ, ಮಗು ಇಬ್ಬರೂ ಆರೋಗ್ಯವಾಗಿದ್ದರು.