ಹದಿಮೂರನೇ ಮಷೀನು

ಕಳೆದ ವಾರ ಆಫೀಸಿಗೆ ಹೊಸ ಸರ್ವರ್ ಬಂತು. ಪೆಟ್ಟಿಗೆಯ ಟೇಪು ಕತ್ತರಿಸಿ ಮುಚ್ಚಳ ಎತ್ತಿದ ಕೂಡಲೇ ಹೊಸ ಫೋಮು, ಪ್ಲಾಸ್ಟಿಕ್ಕು, ಸ್ವಲ್ಪ ಮಷೀನ್ ಎಣ್ಣೆ ಎಲ್ಲ ಬೆರೆತ ವಾಸನೆ ಮುಖಕ್ಕೆ ಬಡಿಯಿತು. ಇಂಥ ಪೆಟ್ಟಿಗೆ ಎಷ್ಟೋ ಬಿಚ್ಚಿದ್ದೇನೆ. ಆದರೂ ಅವತ್ತು ಕೈ ನಿಂತುಬಿಟ್ಟಿತು. ಹಿಂದೆ ದೊಮ್ಮಲೂರಿನ ಆಫೀಸಿನಲ್ಲಿ ಪೆಟ್ಟಿಗೆ ತೆರೆದಾಗಲೆಲ್ಲ ಬಗ್ಗಿ ಮೂಸಿ ನೋಡಿ, "ಹೊಸ ಬಸ್ಸಲ್ಲಿ ಕೂತಂಗಾಯ್ತು ಮೇಡಂ" ಎನ್ನುವವರೊಬ್ಬರಿದ್ದರು...

ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ಸರ್ವರ್ ರೂಮಿನ ಆಪರೇಟರ್. ನಾನು ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಎಲೆಕ್ಟ್ರಿಷಿಯನ್ ಆಗಿ ಬಂದವರು ಜನರೇಟರು, ಎ.ಸಿ. ನೋಡಿಕೊಳ್ಳುತ್ತ ಕೊನೆಗೆ ಆ ರೂಮಿಗೇ ಅಂಟಿಕೊಂಡಿದ್ದರು. ಮನೆ ಹಲಸೂರಿನ ಕೆರೆಯ ಹಿಂದೆ. ಮನೆಯಲ್ಲಿ ತಮಿಳು, ಹೊರಗೆ ಸೊಗಸಾದ ಕನ್ನಡ. ನನ್ನ ಹಾವೇರಿ ಕಡೆಯ ಮಾತು ಕೇಳಿ, "ನಿಮ್ಮ ಕನ್ನಡ ಜಗಳ ಆಡಿದಂಗೇ ಇರುತ್ತೆ" ಎಂದು ನಗುತ್ತಿದ್ದರು. ಬೆಳಿಗ್ಗೆ ಬಂದವರೇ ಒಂದೊಂದು ಮಷೀನಿನ ಹಿಂಭಾಗಕ್ಕೂ ಅಂಗೈ ಹಿಡಿದು ಹೊರಬರುವ ಗಾಳಿಯ ಬಿಸಿ ನೋಡುತ್ತಿದ್ದರು. ಯಾವ ಫ್ಯಾನು ನಾಳೆ ಕೈಕೊಡುತ್ತದೆ ಎಂದು ಶಬ್ದದಲ್ಲೇ ಹೇಳುತ್ತಿದ್ದರು. ಆ ಮಾತು ಸುಳ್ಳಾದದ್ದು ನನಗೆ ನೆನಪಿಲ್ಲ.

ನಮ್ಮದು ಮಷೀನು ಬಾಡಿಗೆಗೆ ಕೊಡುವ ಸಣ್ಣ ಕಂಪನಿ. ಎಐ ಕೆಲಸ ಮಾಡುವವರಿಗೆ ಬೇಕಾದ ಜಿಪಿಯು ಎಂಬ ಭಾರೀ ಲೆಕ್ಕ ಮಾಡುವ ಕಾರ್ಡುಗಳು ಒಂದೊಂದು ಮಷೀನಿನಲ್ಲೂ ಎಂಟೆಂಟು ಇರುತ್ತಿದ್ದವು. ಅವು ಕುಡಿಯುವ ಕರೆಂಟಿಗೆ, ಕಾರುವ ಬಿಸಿಗೆ ದೊಮ್ಮಲೂರಿನ ಹಳೆಯ ಕಟ್ಟಡ ತಾಳಲಿಲ್ಲ. ಮಷೀನುಗಳನ್ನೆಲ್ಲ ಕೆ.ಆರ್. ಪುರದ ಆಚೆಗಿನ ಒಂದು ಡೇಟಾ ಸೆಂಟರಿಗೆ ಸಾಗಿಸಿದರು. ಅಣ್ಣನ ರೂಮು ಖಾಲಿಯಾಯಿತು. ಅವರಿಗೊಂದು ಮೇಜು, ಒಂದು ಕಂಪ್ಯೂಟರು ಕೊಟ್ಟು, ಇಲ್ಲಿಂದಲೇ ನೋಡಿಕೊಳ್ಳಿ ಎಂದರು. ಕಲಿಸುವ ಕೆಲಸ ನನಗೆ ಬಂತು.

ಅಂಥ ಸರ್ವರಿನೊಳಗೆ ಇನ್ನೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ನಾವು ಅದನ್ನು ಕಂಟ್ರೋಲರ್ ಎನ್ನುತ್ತಿದ್ದೆವು. ದೊಡ್ಡ ಮಷೀನು ಆಫ್ ಆಗಿದ್ದರೂ ಅದು ಎಚ್ಚರವಾಗಿರುತ್ತದೆ. ಎಲ್ಲಿಂದಲಾದರೂ ಬ್ರೌಸರಿನಲ್ಲಿ ಅದರ ವಿಳಾಸ ಹಾಕಿ, ಪಾಸ್‌ವರ್ಡ್ ಕೊಟ್ಟರೆ ಒಂದು ಪೇಜು ತೆರೆದುಕೊಳ್ಳುತ್ತದೆ. ಬಿಸಿ ಎಷ್ಟು, ಫ್ಯಾನಿನ ವೇಗ ಎಷ್ಟು, ಎಲ್ಲ ಅಲ್ಲಿ ಕಾಣುತ್ತದೆ. ಮಷೀನನ್ನು ಆನ್ ಮಾಡಲು, ಆಫ್ ಮಾಡಲು ಅದರಲ್ಲೇ ಬಟನ್ ಇರುತ್ತದೆ.

ಮೊದಲ ದಿನ ಅಣ್ಣ ಮೌಸ್ ಮುಟ್ಟಲೇ ಇಲ್ಲ. "ಮುಟ್ಟದೇನೇ ಆಫ್ ಮಾಡೋದಾ? ಅದು ಆಫ್ ಆಯ್ತು ಅಂತ ನಂಬೋದು ಹೆಂಗೆ ಮೇಡಂ?" ಎಂದರು. ಆದರೆ ತಿಂಗಳೊಳಗೆ ನನಗಿಂತ ಚೆನ್ನಾಗಿ ಕಲಿತರು. ಅಂಗೈಯಲ್ಲಿ ನೋಡುತ್ತಿದ್ದುದನ್ನು ಈಗ ಗ್ರಾಫಿನಲ್ಲಿ ನೋಡುತ್ತಿದ್ದರು. ಒಂದೇ ಒಂದು ದೂರು ಅವರದು. "ಎಲ್ಲಾ ಮಷೀನಿನ ಪೇಜೂ ಒಂದೇ ಥರ ಇದೆ. ವಿಳಾಸದ ಕೊನೇ ನಂಬರ್ ಬಿಟ್ರೆ ಗುರುತೇ ಸಿಗಲ್ಲ. ಹೆಸರಾದ್ರೂ ದಪ್ಪಗೆ ಹಾಕ್ಬಾರ್ದಾ?" ಮುಂದೆ ನೋಡೋಣ ಅಣ್ಣ ಎಂದಿದ್ದೆ. ಅವರಿಗೆ ಪ್ರತ್ಯೇಕ ಲಾಗಿನ್ ಮಾಡಿಕೊಡುವುದನ್ನೂ ಹಾಗೇ ಮುಂದೂಡಿದ್ದೆ. ನಾವಿಬ್ಬರೂ ಅಡ್ಮಿನ್ ಎಂಬ ಒಂದೇ ಹೆಸರಿನಲ್ಲಿ ಒಳಗೆ ಹೋಗುತ್ತಿದ್ದೆವು.

ಅವತ್ತು ಮಧ್ಯಾಹ್ನ ಅಣ್ಣ ಊಟದ ಡಬ್ಬಿ ಹಿಡಿದು ಕೆಳಗಿಳಿದಿದ್ದರು. ಎದುರಿನ ಬೇಕರಿಯ ನೆರಳಿನಲ್ಲಿ ಕೂತು ಉಣ್ಣುವುದು ಅವರ ರೂಢಿ. ನಾನು ಎರಡನೇ ಮಹಡಿಯ ಕಿಟಕಿಯಲ್ಲಿ ನಿಂತಿದ್ದೆ. ಅವರು ತಲೆಯೆತ್ತಿ ಊಟ ಆಯ್ತಾ ಎಂಬಂತೆ ಸನ್ನೆ ಮಾಡಿದರು, ನಾನು ಕೈ ಬೀಸಿದೆ. ತಿರುಗಿ ಬಂದು ಕೂತಾಗ ಹದಿನಾಲ್ಕನೇ ಮಷೀನು ಹ್ಯಾಂಗ್ ಆಗಿದೆ ಎಂಬ ಸೂಚನೆ ಬಂದಿತ್ತು. ಅದನ್ನು ಬಲವಂತವಾಗಿ ಆಫ್ ಮಾಡಿ ಆನ್ ಮಾಡಬೇಕು, ದಿನನಿತ್ಯದ ಕೆಲಸ. ಬ್ರೌಸರಿನಲ್ಲಿ ಎರಡು ಪೇಜು ತೆರೆದಿದ್ದವು. ಬಟನ್ ಒತ್ತಿದೆ. ಖಚಿತವೇ ಎಂದು ಕೇಳಿತು, ಹೌದು ಎಂದೆ.

ಹದಿನಾಲ್ಕು ಅಲುಗಲಿಲ್ಲ. ಆಮೇಲೆ ವಿಳಾಸ ನೋಡಿದೆ. ಕೊನೆಯಲ್ಲಿ ಹದಿಮೂರು ಎಂದಿತ್ತು.

ಹದಿಮೂರರಲ್ಲಿ ಒಂದು ವೈದ್ಯಕೀಯ ತಂಡದ ಕೆಲಸ ಹನ್ನೊಂದು ದಿನಗಳಿಂದ ಓಡುತ್ತಿತ್ತು. ಇನ್ನೊಂದು ದಿನದಲ್ಲಿ ಮುಗಿಯುತ್ತಿತ್ತು. ಕೆಲಸವನ್ನು ಆಗಾಗ ಉಳಿಸಿಡುವ ವ್ಯವಸ್ಥೆ ಇತ್ತು. ಆದರೆ ನಾನು ಕರೆಂಟು ಕಡಿದ ಗಳಿಗೆಯಲ್ಲೇ ಅದು ಡಿಸ್ಕಿಗೆ ಬರೆಯುತ್ತಿತ್ತಂತೆ. ಮಷೀನನ್ನು ಮತ್ತೆ ಆನ್ ಮಾಡಿದಾಗ ಡಿಸ್ಕು ಓದಲು ಬರಲಿಲ್ಲ, ಎಂಟು ಕಾರ್ಡುಗಳಲ್ಲಿ ಒಂದು ಕಾಣಿಸಲೇ ಇಲ್ಲ.

ಮರುದಿನ ಆ ತಂಡ ನಮ್ಮನ್ನು ಬಿಟ್ಟು ಹೋಯಿತು. ಮ್ಯಾನೇಜರು ಕಂಟ್ರೋಲರಿನ ದಾಖಲೆ ತೆಗೆಸಿದರು. ಆಫ್ ಮಾಡಿದ ಸಮಯ ಇತ್ತು, ಅಡ್ಮಿನ್ ಎಂಬ ಹೆಸರಿತ್ತು, ನಮ್ಮ ಆಫೀಸಿನ ವಿಳಾಸ ಇತ್ತು. ಅಷ್ಟೇ. ಆ ಹೊತ್ತಿನ ಡ್ಯೂಟಿ ಯಾರದೆಂದು ನೋಡಿದರು. ಅಣ್ಣನದು.

ಮೀಟಿಂಗ್ ರೂಮಿನಲ್ಲಿ ನಾವು ಮೂವರೇ ಇದ್ದೆವು. "ನಿಮ್ಮ ವಯಸ್ಸಿನವರಿಗೆ ಈ ಕೆಲ್ಸ ಕೊಟ್ಟಿದ್ದು ನಮ್ಮ ತಪ್ಪು," ಎಂದರು ಮ್ಯಾನೇಜರು. ಅಣ್ಣ ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿದರು. ಮುಖದಲ್ಲಿ ಸಮಾಧಾನವೇ ಇತ್ತು, ಸಾಕ್ಷಿ ಪಕ್ಕದಲ್ಲೇ ಕೂತಿದ್ದಾಳಲ್ಲ ಎಂಬ ಸಮಾಧಾನ.

"ಮೇಡಂ, ನೀವೇ ಹೇಳಿ. ನಾನು ಆವಾಗ ಬೇಕರಿ ಹತ್ರ ಊಟ ಮಾಡ್ತಿದ್ದೆ. ನೀವು ಕಿಟಕಿಯಿಂದ ಕೈ ಬೀಸಿದ್ರಲ್ಲ?"

ಮ್ಯಾನೇಜರು ನನ್ನನ್ನು ನೋಡಿದರು. ಅಣ್ಣ ಅಲ್ಲಿರಲಿಲ್ಲ ಎಂದರೆ ಉಳಿಯುವವಳು ನಾನೊಬ್ಬಳೇ. ನನ್ನ ಪ್ರೊಬೇಷನ್ ಮುಗಿಯಲು ಎರಡು ವಾರ ಬಾಕಿ ಇತ್ತು.

"ಸರಿಯಾಗಿ ನೆನಪಿಲ್ಲ ಸಾರ್," ಎಂದೆ.

ಅಣ್ಣ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಅನುಮಾನದಿಂದಲ್ಲ. ನನಗೆ ಹುಷಾರಿಲ್ಲವೇನೋ ಎಂಬಂತೆ... ಆಮೇಲೆ ಮ್ಯಾನೇಜರು ಮುಂದಿಟ್ಟ ರಾಜೀನಾಮೆಯ ಕಾಗದಕ್ಕೆ ಸಹಿ ಹಾಕಿದರು. ಹೋಗುವಾಗ ನನ್ನ ಮೇಜಿನ ಹತ್ತಿರ ಬಂದು, "ಹದಿನೇಳರ ಎರಡನೇ ಫ್ಯಾನು ಸ್ವಲ್ಪ ನೋಡ್ಕೊಳ್ಳಿ, ವೇಗ ಏರುಪೇರಾಗ್ತಿದೆ" ಎಂದರು. ನಾನು ತಲೆಯೆತ್ತಲಿಲ್ಲ.

ಅವರ ಹೆಂಡತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿದ್ದದ್ದು ಕಂಪನಿಯ ವಿಮೆಯಲ್ಲಿ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಗೊತ್ತಿತ್ತು. ಅವರ ಮನೆಯಲ್ಲಿ ಒಮ್ಮೆ ಊಟವನ್ನೂ ಮಾಡಿದ್ದೆ. ಆಕೆ ಕೂತಲ್ಲಿಂದಲೇ, ಇನ್ನೊಂದು ಚೂರು ಹಾಕು ಎಂದು ಮಗಳಿಗೆ ಹೇಳಿ ನನಗೆ ಎರಡು ಸಲ ಪುಳಿಯೋಗರೆ ಹಾಕಿಸಿದ್ದರು.

ಎರಡು ವಾರಕ್ಕೆ ನನ್ನ ಕೆಲಸ ಖಾಯಂ ಆಯಿತು. ಒಂದು ವರ್ಷ ಅಲ್ಲೇ ಇದ್ದೆ, ಆಮೇಲೆ ಬೇರೆ ಕಂಪನಿಗೆ ಬಂದೆ. ಬೈಯಪ್ಪನಹಳ್ಳಿಯ ಬಾಡಿಗೆ ರೂಮಿನಿಂದ ದಿನವೂ ಮೆಟ್ರೋದಲ್ಲಿ ಬರುವಾಗ ಹಲಸೂರು ಸ್ಟೇಷನ್ನು ಸಿಗುತ್ತಿತ್ತು. ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಇಳಿಯಲು ನನಗೆ ನಾಲ್ಕು ವರ್ಷ ಬೇಕಾಯಿತು.

ಒಂದು ಭಾನುವಾರ ಬೆಳಿಗ್ಗೆ ಇಳಿದೆ. ಮನೆ ಅದೇ ಇತ್ತು. ಅಣ್ಣ ಬಾಗಿಲು ತೆರೆದು, ಗುರುತು ಹಿಡಿದು, "ಅಯ್ಯೋ, ಬನ್ನಿ ಬನ್ನಿ" ಎಂದು ಕುರ್ಚಿಯ ಮೇಲಿನ ಬಟ್ಟೆ ತೆಗೆದರು. ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸವಂತೆ, ಅವತ್ತು ರಜೆ. ಗೋಡೆಯ ಮೇಲೆ ಹೆಂಡತಿಯ ಫೋಟೋ ಇತ್ತು, ಹಾರ ಹಾಕಿತ್ತು. ಕೆಲಸ ಹೋದ ಮೇಲೆ ಸರ್ಕಾರಿ ಆಸ್ಪತ್ರೆಗೆ ಹೆಸರು ಬರೆಸಿದರಂತೆ. ಪಾಳಿ ಸಿಕ್ಕಾಗ ಹೋಗುವುದು. ಮೂರು ಸಲ ಇದ್ದದ್ದು ಎರಡಾಯಿತು, ಕೆಲವು ವಾರ ಒಂದಾಯಿತು. ಹನ್ನೊಂದು ತಿಂಗಳು ಇದ್ದರು ಎಂದರು.

ಕಾಫಿ ಲೋಟ ಕೆಳಗಿಟ್ಟು ಹೇಳಿದೆ. ಒಂದೂ ಬಿಡದೆ ಹೇಳಿದೆ. ಎರಡು ಪೇಜು, ಹದಿಮೂರು, ಕಿಟಕಿ, ನೆನಪಿಲ್ಲ ಎಂದ ಸುಳ್ಳು. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿ ಎಂದೇ ಹೋಗಿದ್ದೆ.

ಅವರು ನಕ್ಕರು. "ನೀವು ಒಳ್ಳೇವರು ಅಮ್ಮಾ. ನನ್ನ ಸಮಾಧಾನಕ್ಕೆ ಇಷ್ಟು ದೂರ ಬಂದಿದ್ದೀರಿ."

"ಅಣ್ಣ, ಸುಳ್ಳಲ್ಲ. ನಾನೇ ಒತ್ತಿದ್ದು."

"ಇಲ್ಲಮ್ಮಾ. ನಾನೇ. ಮೊದ್ಲು ನಾನೂ ನಂಬ್ಲಿಲ್ಲ. ಎಲ್ರೂ ಹೇಳಿದ್ರು, ನಿಮ್ಗೂ ನಾನು ಕೆಳಗಿದ್ದಿದ್ದು ನೆನಪಿರ್ಲಿಲ್ಲ. ನೀವು ಸುಳ್ಳು ಹೇಳೋರಲ್ಲ. ಯೋಚ್ನೆ ಮಾಡ್ತಾ ಮಾಡ್ತಾ ನನಗೇ ಕಾಣ್ಸೋಕೆ ಶುರುವಾಯ್ತು. ಡಬ್ಬಿ ತಗೊಳ್ಳೋ ಮುಂಚೆ ಮೌಸ್ ಮೇಲೆ ನನ್ನ ಕೈ ಇತ್ತು. ಹೌದು, ಇತ್ತು."

ನಾನು ಮತ್ತೆ ಮೊದಲಿನಿಂದ ಹೇಳತೊಡಗಿದೆ. ಅವರು ಕೈಯೆತ್ತಿ ತಡೆದರು. ಈ ಸಲ ಮುಖದಲ್ಲಿ ನಗು ಇರಲಿಲ್ಲ.

"ಅವಳು ಹೋಗೋ ಮುಂಚೆ ಅವಳ ಹತ್ರ ಕ್ಷಮೆ ಕೇಳ್ಕೊಂಡೆ. ನನ್ನ ಕೈತಪ್ಪಿಂದ ನಿಂಗೆ ಹಿಂಗಾಯ್ತು ಅಂತ. ಬಿಡಿ, ಯಾರೂ ಬೇಕಂತ ಮಾಡಲ್ಲ ಅಂದ್ಲು. ಅಷ್ಟೇ ನಂಗೆ ಉಳಿದಿರೋದು. ಈಗ ನೀವು ಬಂದು ಬೇರೆ ಹೇಳಿದ್ರೆ ನಾನು ಏನ್ ಮಾಡ್ಲಿ, ಹೇಳಿ?"

ಲೋಟದಲ್ಲಿ ಉಳಿದಿದ್ದ ಕಾಫಿ ಕುಡಿದು ಎದ್ದೆ. ಮೆಟ್ರೋ ಸ್ಟೇಷನ್ನಿನವರೆಗೂ ಬಂದು ಕಳಿಸಿಕೊಟ್ಟರು.

ಹಳೆಯ ಕಂಪನಿಗಾದರೂ ನಿಜ ಬರೆದು ತಿಳಿಸೋಣವೆಂದು ನೋಡಿದೆ. ಅದು ಮುಚ್ಚಿಹೋಗಿತ್ತು. ಮೇಲ್ ವಾಪಸ್ಸು ಬಂತು. ಮ್ಯಾನೇಜರಿಗೆ ಫೋನ್ ಮಾಡಿದರೆ ಅವರಿಗೆ ಅಣ್ಣನ ಮುಖವೇ ನೆನಪಿಗೆ ಬರಲಿಲ್ಲ. "ಅದೆಲ್ಲ ಈಗ ಯಾಕಮ್ಮ?" ಎಂದರು. ಹೋದ ವರ್ಷ ಅಣ್ಣನ ಮಗಳಿಂದ ಒಂದು ಮೆಸೇಜು ಬಂತು. ಡ್ಯೂಟಿಯಲ್ಲಿ ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದರಂತೆ. ಮಣ್ಣಿಗೆ ಹೋದೆ, ಹಿಂದೆ ನಿಂತು ಬಂದೆ. ಮಗಳು ನನ್ನ ಕೈ ಹಿಡಿದು, ಅಪ್ಪ ನಿಮ್ಮನ್ನು ತುಂಬಾ ನೆನೆಸುತ್ತಿದ್ದರು ಎಂದಳು.

ಈಗ ನನ್ನ ಕೆಳಗೆ ಆರು ಜನ ಕೆಲಸ ಮಾಡುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಇದೆ, ಪ್ರತಿ ಮಷೀನಿನ ಪೇಜಿನ ನೆತ್ತಿಯ ಮೇಲೂ ದಪ್ಪಕ್ಷರದಲ್ಲಿ ಹೆಸರಿದೆ. ಅದರಿಂದ ಅಣ್ಣನಿಗೆ ಏನೂ ಆಗಬೇಕಾದ್ದಿಲ್ಲ. ಹೊಸ ಸರ್ವರನ್ನು ಮೊನ್ನೆ ಕೆ.ಆರ್. ಪುರದ ಅದೇ ಡೇಟಾ ಸೆಂಟರಿಗೆ ಕಳಿಸಿಯಾಯಿತು, ಕೆಲಸ ಶುರುವಾಗಿದೆ. ನಾನು ಇದನ್ನು ಇಲ್ಲಿ ಬರೆದಿದ್ದೇನೆ, ಆದರೆ ಓದಬೇಕಾದ ಅಣ್ಣ, ಅವರ ಹೆಂಡತಿ ಇಬ್ಬರೂ ಇಲ್ಲ. ಇದ್ದಾಗಲೂ ಅಣ್ಣ ನನ್ನನ್ನು ನಂಬಲಿಲ್ಲ. ನಾನು ಸುಳ್ಳು ಹೇಳಿದಾಗ ಮಾತ್ರ ನಂಬಿದ್ದರು.