ಹೊತ್ತು ಕೇಳಲು ಕಲಿಸಿದವಳು

ನನಗಾಗ ಅರವತ್ತು ದಾಟಿತ್ತು. ಹದಿನೈದು ವರ್ಷದ ಮೇಲಾಯಿತು. ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಗೆ ಟೆಲಿಫೋನ್ ಆಫೀಸಿನ ಹೆಂಗಸೊಬ್ಬಳು ಬಾಡಿಗೆಗೆ ಬಂದಳು. ಸೀರೆ ಎಲ್ಲಿ ತಂದಿರಿ, ಸೊಸೆಗೆ ಯಾಕಿನ್ನೂ ಮಕ್ಕಳಿಲ್ಲ, ಎಲ್ಲವನ್ನೂ ಸೆರಗಿನಲ್ಲಿ ಕೈ ಒರೆಸುತ್ತಾ ಕೇಳುವಳು. ನಾನು ಮುಖ ಸಿಂಡರಿಸಿದರೆ, "ಕೇಳಕ್ಕೇನಕ್ಕ ನಾಚ್ಕೆ?" ಅನ್ನುವಳು. ಅವಳ ದನಿ ಕೇಳಿದರೆ ನಾನು ಹಿತ್ತಿಲಿಗೆ ಹೋಗುತ್ತಿದ್ದೆ.

ಸೊಸೆ ಮನೆಯಲ್ಲೇ ಟೈಪ್ ಮಾಡಿ ಕಂಪ್ಯೂಟರಿನಲ್ಲಿ ಮೈಸೂರಿಗೆ ಕಳಿಸುತ್ತಿದ್ದಳು. ಅವಳ ಗಂಡ, ನನ್ನ ಮಗ, ರಾತ್ರಿಯೆಲ್ಲ ನೆಟ್ಟಿನಲ್ಲಿ ಇಸ್ಪೀಟಾಡುತ್ತಾನೆಂದು, ರಾತ್ರಿ ಹೊತ್ತು ನೆಟ್ ಮುಚ್ಚುವಂತೆ ಅದನ್ನು ತರುವ ಡಬ್ಬಿಗೆ, ಮೋಡೆಮ್ಮಿಗೆ, ಗೊತ್ತು ಮಾಡಿದ್ದಳು. ಆದರೆ ಕರೆಂಟು ಹೋಗಿ ಬಂದರೆ ಮೋಡೆಮ್ಮು ಹೊತ್ತು ಮರೆತು, ನಡುರಾತ್ರಿ ಎಂದುಕೊಂಡು ಹಾಡಹಗಲೇ ಮುಚ್ಚುತ್ತಿತ್ತು. ಇನ್ನೊಂದು ಸಲ ತಡವಾದರೆ ಕೆಲಸವಿಲ್ಲ ಎಂದು ಮೈಸೂರಿನವರು ಹೇಳಿಬಿಟ್ಟರು.

ಸೊಸೆ ಅಳುವುದು ಕೇಳಿ ಪಕ್ಕದ ಮನೆಯವಳು ನಾವು ಕರೆಯದೆಯೇ ಬಂದಳು. "ಯಾಕವ್ವ, ಏನಾಯ್ತು?" ಎಂದು ಎಲ್ಲ ಕೇಳಿಕೊಂಡು, ಕಂಪ್ಯೂಟರಿನಲ್ಲಿ ಏನೇನೋ ಒತ್ತಿದಳು.

"ಇನ್ಮೇಲೆ ಕರೆಂಟ್ ಬಂದೇಟ್ಗೆ, ಟೈಮೆಷ್ಟು ಅಂತ ದೂರದ್ ಗಡಿಯಾರನ ಇದೇ ಕೇಳ್ಕತದೆ ಬುಡಿ."

"ಯಾವೂರ್ ಗಡಿಯಾರ?" ಅಂದೆ.

"ಯಾವ್ ದೇಸದ್ದೋ. ಕೇಳುದ್ರೆ ಹೇಳ್ತದೆ ಕಣಕ್ಕ."

"ಓಗ್ ಬರಕ್ಕೆ ಎಷ್ಟೊತ್ತು?"

"ನೀವೊಂದ್ಸಲ ಕೆಮ್ಮೋದ್ರೊಳಗೆ."

ದೇಶ ದಾಟಿ ಹೋಗಿ ಹೊತ್ತು ಕೇಳಿ ಬರುವ ಡಬ್ಬಿ ನಮ್ಮ ಗೋಡೆಯ ಗೂಡಿನಲ್ಲಿ ಕೂತಿತ್ತು. ಅದಕ್ಕೆ ಕೇಳಲು ಕಲಿಸಿದವಳು ನನ್ನ ಅಡುಗೆಮನೆಗೆ ಇಣುಕಿ, "ಸಾರೇನಕ್ಕ?" ಅನ್ನುತ್ತಿದ್ದಳು.

ಮಾರನೆಯ ಬೆಳಿಗ್ಗೆ ಸೊಸೆ ನೀರು ಹುಯ್ದುಕೊಳ್ಳಲು ಹೋದಾಗ, ಅದು ಹೊತ್ತು ಕೇಳಿಕೊಳ್ಳುತ್ತದೋ ನೋಡೋಣವೆಂದು ನಾನೇ ಮೋಡೆಮ್ಮಿನ ಸ್ವಿಚ್ಚು ಆರಿಸಿ ಮತ್ತೆ ಹಾಕಿದೆ. ಅವಳು ಬಂದು ಕೂತು, ಅವತ್ತಿನ ಕೆಲಸ ಮೈಸೂರಿಗೆ ಹೋಯಿತು ಅನ್ನುವ ತನಕ ಬೆನ್ನ ಹಿಂದೆಯೇ ನಿಂತಿದ್ದೆ.